ನಾಲ್ಕನೇ ಜ್ವರ ಮತ್ತು ಟಿವಿ ಗೇಮು

"ಯಶೋದಾ, ಏಳು. ತಟ್ಟೇಲಿ ಹುಳ ಓಡಾಡ್ತವೆ."

ಭಾನುವಾರ ಬೆಳಕು ಹರಿಯುವ ಮೊದಲೇ ಅತ್ತೆ ಬಂದು ನನ್ನ ಕಾಲು ಅಲುಗಿಸಿದರು. ಚಳಿಗೆ ಕಂಬಳಿ ಬಿಡಲು ಮನಸ್ಸಾಗಲಿಲ್ಲ.

"ಇಲ್ಲ ಕಣತ್ತೆ, ಜ್ವರಕ್ಕೆ ಕೂತು ಇನ್ನೂ ಒಂದಿನ. ಸಾಯಂಕಾಲಕ್ಕೆ ಏಳ್ತವೆ. ನೀವು ಮನಿಕೊಳಿ."

"ನನ್ ಕಣ್ಣು ಓಗವೆ, ಕಿವಿ ಓಗಿಲ್ಲ. ಏಳು ಅಂದ್ರೆ."

ಹರವೆ ಹತ್ತಿರದ ನಮ್ಮೂರಿನಲ್ಲಿ ನಮ್ಮತ್ತೆ ಮಲ್ಲಾಜಮ್ಮನ ಕಿವಿಯನ್ನು ಅನುಮಾನಿಸಿದವರಿಲ್ಲ. ನಲವತ್ತು ವರ್ಷ ರೇಷ್ಮೆ ಹುಳು ಸಾಕಿದವರು. ಎರಡು ಕಣ್ಣಿಗೂ ಪೊರೆ ಬಂದ ಮೇಲೆ ಹುಳು ಮೇಯುವ ಸದ್ದಿನಲ್ಲೇ ಸೊಪ್ಪು ಸಾಕೋ ಸಾಲದೋ ಎಂದು ಹೇಳುತ್ತಿದ್ದರು. ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿ ಅಲುಗಾಡದೆ ಕೂತು, ಹಳೆ ಚರ್ಮ ಕಳಚುತ್ತದೆ. ಅದಕ್ಕೇ ನಮ್ಮ ಕಡೆ ಜ್ವರ ಎನ್ನುವುದು; ಈಗ ಕೂತಿದ್ದು ನಾಲ್ಕನೇ ಜ್ವರಕ್ಕೆ. ಜ್ವರದಲ್ಲಿರುವ ಹುಳುವಿಗೆ ಸೊಪ್ಪು ಹಾಕಬಾರದು, ತಟ್ಟೆ ಅಲುಗಿಸಬಾರದು. ಮನೆಯೇ ಸದ್ದಿಲ್ಲದೆ ಇರುವ ದಿನ ಅದು.

ದೀಪ ಹಾಕಿದೆ. ನಮ್ಮದು ಒಂದೇ ದೊಡ್ಡ ಹಜಾರ, ಪಕ್ಕಕ್ಕೆ ಅತ್ತೆಯ ಪುಟ್ಟ ರೂಮು. ಎರಡು ಗೋಡೆಗೂ ತಟ್ಟೆಗಳ ಸ್ಟ್ಯಾಂಡು. ಹುಳು ದೊಡ್ಡದಾದಂತೆ ತಟ್ಟೆ ಹೆಚ್ಚಾಗಿ, ಈ ಸಲ ಕಿಟಕಿ ಕಡೆಯ ಸ್ಟ್ಯಾಂಡನ್ನು ಟಿವಿಯ ಬೆನ್ನಿಗೇ ಒತ್ತಿ ನಿಲ್ಲಿಸಿದ್ದೆವು. ಆ ಸ್ಟ್ಯಾಂಡಿನ ನಡುವಿನ ಎರಡು ತಟ್ಟೆಗಳಲ್ಲಿ, ಟಿವಿಯ ಕಡೆಯ ಅರ್ಧದಲ್ಲಿ, ಹುಳುಗಳು ಅತ್ತಿತ್ತ ಹರಿದಾಡುತ್ತಿದ್ದವು. ಉಳಿದರ್ಧ ಕಲ್ಲಿನ ಹಾಗೆ ಕೂತಿತ್ತು. ಯಾರೋ ತಟ್ಟೆಯ ನಡುವೆ ಗೆರೆ ಎಳೆದು ಹಂಚಿದ ಹಾಗೆ.

"ಎಲ್ಲಿ?" ಅತ್ತೆ ಕೇಳಿದರು.

"ಟಿವಿ ಹಿಂದ್ಗಡೆ."

ಅತ್ತೆ ಅಲ್ಲೇ ಕೂತುಬಿಟ್ಟರು. "ನಾನ್ ಹೇಳ್ಲಿಲ್ವಾ? ನೆನ್ನೆ ಮಧ್ಯಾಹ್ನದಿಂದ ರಾತ್ರಿ ಗಂಟ ಕುಂಯ್ ಕುಂಯ್ ಅಂತ ಬಡ್ಕೊಂತಿತ್ತಲ್ಲ ಆ ಆಟದ ಪೆಟ್ಟಿಗೆ. ಮನಿಕಳಕ್ಕೆ ಬುಟ್ಟಿಲ್ಲ ಅದು. ಜ್ವರಕ್ಕೆ ಕೂರ್ದೆ ಓಡಾಡೋ ಹುಳ ಬದುಕ್ತದಾ? ಹಾಲುರೋಗಕ್ಕೆ ಇದೇ ಗುರ್ತು. ಆ ಎರಡು ತಟ್ಟೆಯ ತಿಪ್ಪೆಗೆ ಸುರಿ. ಇವತ್ತು ನಿನ್ ತಮ್ಮ ಬತ್ತಾನಲ್ಲ, ಪೆಟ್ಟಿಗೆಯ ಅವನ್ ಲಾರಿಗೇ ಏರ್ಸಿ ಕಳ್ಸು."

ನನ್ನ ತಮ್ಮ ನೀಲಕಂಠಸ್ವಾಮಿ ಗುಂಡ್ಲುಪೇಟೆಯಿಂದ ಕೇರಳಕ್ಕೆ ತರಕಾರಿ ಲಾರಿ ಓಡಿಸುತ್ತಾನೆ. ಬತ್ತೇರಿಯಲ್ಲಿ ಅವನು ಸರಕು ಇಳಿಸುವ ಅಂಗಡಿಯ ಮಾಲೀಕ ಚೇಟನ ಮಗ ದುಬೈನಿಂದ ಟಿವಿ ಗೇಮು ತಂದಿದ್ದನಂತೆ. ಅವರ ಮನೆಯ ಮಕ್ಕಳು ದೊಡ್ಡವರಾಗಿ ಅದು ಮೂಲೆ ಸೇರಿತ್ತು. ಅಕ್ಕನ ಮಗಳಿಗೆ ಇರಲಿ ಎಂದು ಕೇಳಿ ತಂದುಕೊಟ್ಟು ಹತ್ತು ದಿನವಾಗಿತ್ತು. ಟಿವಿಯ ಹಿಂದೆ ಆಂಟೆನಾ ವೈರು ಕಳಚಿ ಇದರ ವೈರು ಸಿಕ್ಕಿಸುವುದು, ತಿರುಗಣೆ ಮೂರನೇ ನಂಬರಿಗೆ ತಿರುಗಿಸುವುದು, ಕೈಯಲ್ಲಿ ಎರಡು ಗುಂಡಿಯ ಒಂದು ಹಿಡಿ. ಪರದೆಯ ಮೇಲೆ ಪುಟ್ಟ ವಿಮಾನ ಹಾರುತ್ತದೆ. ಕಪ್ಪುಬಿಳುಪಿನಲ್ಲಿ ಮೋಡ ಯಾವುದು ಗುಂಡು ಯಾವುದು ಎಂದು ನನಗೆ ತಿಳಿಯುತ್ತಿರಲಿಲ್ಲ. ಏಳನೇ ಕ್ಲಾಸಿನ ಮಗಳು ಮಾನಸಳಿಗೆ ತಿಳಿಯುತ್ತಿತ್ತು.

ಬಂದ ದಿನದಿಂದ ಊರೆಲ್ಲ ಅದರ ಬಗ್ಗೆ ಒಂದೊಂದು ಮಾತು ಹೇಳಿತ್ತು. ಪಕ್ಕದ ಮನೆಯ ಸಿದ್ದಮಲ್ಲಪ್ಪ, "ಪಿಕ್ಚರ್ ಟ್ಯೂಬು ಸುಟ್ಟೋಯ್ತದೆ, ಬರ್ಕೊಳಿ" ಎಂದ. ಅವನ ಚಿಂತೆ ಟ್ಯೂಬಿನದಲ್ಲ, ಟ್ಯೂಬು ಹೋದರೆ ತಾನು ಭಾನುವಾರ ಎಲ್ಲಿ ಕೂತು ಟಿವಿ ನೋಡುವುದು ಎಂದು. ಚಾಮರಾಜನಗರದ ಆಫೀಸೊಂದರಲ್ಲಿ ಅಟೆಂಡರ್ ಆಗಿರುವ ನಮ್ಮ ಯಜಮಾನರು ಗಂಗಾಧರಸ್ವಾಮಿ ಮಾತ್ರ ಬೇರೆ ಹೇಳಿದರು. ಅವರ ಆಫೀಸಿಗೆ ಕಂಪ್ಯೂಟರು ಬಂದಿತ್ತು. ಗಾಜಿನ ರೂಮು, ಅದಕ್ಕೊಂದು ಹೊದಿಕೆ, ಒಳಗೆ ಹೋಗುವವರು ಚಪ್ಪಲಿ ಬಿಡಬೇಕು. "ನಾನು ಅದರ ಧೂಳು ಒರೆಸ್ತೀನಿ, ಮುಟ್ಟಕ್ಕೆ ಭಯ ಆಯ್ತದೆ. ಇವಳು ಈಗ್ಲೇ ಗುಂಡಿ ಒತ್ತಿ ಭಯ ಬುಟ್ಕೊಳ್ಳಿ ಬುಡು" ಎಂದಿದ್ದರು.

ಮಾನಸ ಎದ್ದು ಬಾಗಿಲಲ್ಲಿ ನಿಂತಿದ್ದಳು. ಅಜ್ಜಿಯ ಮಾತೆಲ್ಲ ಕೇಳಿಸಿಕೊಂಡಿದ್ದಳು. ಅಳಲಿಲ್ಲ. ಸೀದಾ ತಟ್ಟೆಯ ಹತ್ತಿರ ಬಂದು ಬಗ್ಗಿದಳು.

"ಅವ್ವ, ಇವು ಮನಗೇ ಇಲ್ಲ ಅಂತ ನೋಡ್ದೋರು ಯಾರು?"

"ಅಜ್ಜಿ ಹೇಳ್ತಾ ಇಲ್ವಾ."

"ಮನಗಿ ಎದ್ದಿದ್ರೆ?"

ಆ ಮಾತಿಗೆ ನನ್ನ ನಿದ್ದೆ ಪೂರ್ತಿ ಬಿಟ್ಟಿತು. ಬ್ಯಾಟರಿ ಬೆಳಕು ಬಿಟ್ಟು ನೋಡಿದೆ. ಓಡಾಡುವ ಹುಳುಗಳ ಕೆಳಗೆ, ಉದುರಿಸಿದ್ದ ಸುಣ್ಣದ ಪುಡಿಯ ಮೇಲೆ, ಸುಕ್ಕುಗಟ್ಟಿದ ತೆಳು ಸಿಪ್ಪೆಗಳು ಬಿದ್ದಿದ್ದವು. ಇಪ್ಪತ್ತಲ್ಲ, ಮೂವತ್ತಲ್ಲ, ರಾಶಿ. ಹುಳುಗಳ ತಲೆ ಬೇರೆ ದಪ್ಪವಾಗಿತ್ತು, ಮೈಬಣ್ಣ ಮಾಸಿತ್ತು. ಜ್ವರದಿಂದ ಎದ್ದ ಹುಳುವಿನ ಲಕ್ಷಣ. ಹದಿನಾಲ್ಕು ವರ್ಷದಿಂದ ಹುಳು ಸಾಕುವ ನಾನು ಅದನ್ನು ನೋಡದೆ, ಅತ್ತೆ ಅಂದದ್ದಕ್ಕೆ ತಿಪ್ಪೆಗೆ ಸುರಿಯಲು ಸೆರಗು ಸಿಕ್ಕಿಸಿದ್ದೆನಲ್ಲ!

ಒಂದು ಚಿಟಿಕೆ ಸಿಪ್ಪೆ ತೆಗೆದು ಅತ್ತೆಯ ಅಂಗೈಗೆ ಹಾಕಿದೆ. ಹೆಬ್ಬೆರಳಿನಲ್ಲಿ ಉಜ್ಜಿದರು. ಮತ್ತೊಮ್ಮೆ ಉಜ್ಜಿದರು.

"ಕಳಚವೆ," ಎಂದರು ಮೆಲ್ಲಗೆ. ಆಮೇಲೆ ದನಿ ಏರಿಸಿದರು. "ಕಳಚಿದ್ರೇನು? ಅರ್ಧ ನಿದ್ದೇಲಿ ಎಬ್ಬಿಸ್ಬುಟ್ಟದೆ ಆ ಸದ್ದು. ಅರ್ಧ ತಟ್ಟೆ ಎದ್ದು ಅರ್ಧ ತಟ್ಟೆ ಮನಗಿದ್ರೆ ಸೊಪ್ಪು ಯಾವಾಗ ಹಾಕ್ತೀಯ? ಎದ್ದವಕ್ಕೆ ಹಾಕಿದ್ರೆ ಮನಗಿರೋವು ಸೊಪ್ಪಿನಡಿ ಮುಚ್ಚೋಯ್ತವೆ. ಹಾಕ್ದಿದ್ರೆ ಎದ್ದವು ಹಸಿದು ಸಾಯ್ತವೆ. ಪೆಟ್ಟಿಗೆ ಓಗ್ಲೇಬೇಕು."

ಅದೂ ನಿಜವೇ. ಆದರೆ ಮಾನಸ ಅಲ್ಲಿಗೆ ಬಿಡಲಿಲ್ಲ. "ಅಜ್ಜಿ, ಸದ್ದು ಬರೋದು ಟಿವಿ ಮುಂದ್ಗಡೆಯಿಂದ. ಬೆಳಕೂ ಮುಂದ್ಗಡೆನೇ. ಅಂಗಾದ್ರೆ ಎದುರಿಗಿರೋ ಸ್ಟ್ಯಾಂಡಲ್ಲಿ ಮೊದ್ಲು ಏಳ್ಬೇಕಿತ್ತಲ್ಲ? ಅಲ್ಲಿ ಎಲ್ಲ ಮನಗವೆ, ನೋಡು."

"ನಾನೆಲ್ಲಮ್ಮಿ ನೋಡ್ಲಿ?"

ನಾನು ನೋಡಿದೆ. ಎದುರು ಗೋಡೆಯ ಸ್ಟ್ಯಾಂಡಿನಲ್ಲಿ ಒಂದು ಹುಳುವೂ ಅಲುಗುತ್ತಿರಲಿಲ್ಲ. ಸದ್ದು ಅಲ್ಲಿ, ಎದ್ದದ್ದು ಇಲ್ಲಿ. ನನಗೂ ತಡೆಯಲಾಗಲಿಲ್ಲ. ಒಲೆ ಹಚ್ಚಬೇಕಿತ್ತು, ಸೊಪ್ಪಿಗೆ ಹೋಗಬೇಕಿತ್ತು, ಹಾಲು ಹಿಂಡಬೇಕಿತ್ತು. ಎಲ್ಲ ಬಿಟ್ಟು ಯಜಮಾನರನ್ನು ಎಬ್ಬಿಸಿದೆ.

"ಟಿವಿ ಎತ್ಕೊಳಿ. ಎದುರು ಗೋಡೆಗೆ ಇಡ್ಬೇಕು."

"ಬೆಳಿಗ್ಗೆ ಬೆಳಿಗ್ಗೆನೇ ಏನಮ್ಮಿ ನಿಂಗೆ?"

ತಟ್ಟೆ ಅಲುಗಿಸುವಂತಿಲ್ಲ, ಟಿವಿ ಅಲುಗಿಸಬಹುದಲ್ಲ. ಇಬ್ಬರೂ ಹೊತ್ತು ತಂದು, ಎದುರು ಸ್ಟ್ಯಾಂಡಿನ ನಡುವಿನ ತಟ್ಟೆಗಳಿಗೆ ಅದರ ಬೆನ್ನು ಕೊಟ್ಟು ಇಟ್ಟೆವು. ಆಂಟೆನಾ ವೈರು ಅಲ್ಲಿಗೆ ಎಟುಕಲಿಲ್ಲ, ಬೇಕಾಗಿಯೂ ಇರಲಿಲ್ಲ. ಗೇಮಿನ ಪೆಟ್ಟಿಗೆಯನ್ನು ಕಳಚಿ ಅತ್ತೆಯ ಮಡಿಲಲ್ಲೇ ಇಟ್ಟೆ, ಆಮೇಲೆ ಅನುಮಾನ ಬೇಡ ಎಂದು. ಟಿವಿ ಹಾಕಿ, ಸದ್ದು ಪೂರ್ತಿ ಇಳಿಸಿ, ಅದರ ಮರದ ಬಾಗಿಲು ಎಳೆದು ಮುಚ್ಚಿದೆವು. ಈಗ ಸದ್ದಿಲ್ಲ, ಬೆಳಕಿಲ್ಲ, ಆಟವೂ ಇಲ್ಲ.

"ಈಗ ಇಲ್ಲಿ ನಡುವಿನ ತಟ್ಟೆ ಮೊದ್ಲು ಎದ್ರೆ ಗೇಮಿಂದು ತಪ್ಪಿಲ್ಲ. ಎಲ್ಲ ಒಟ್ಟಿಗೆ ಎದ್ರೆ ಪೆಟ್ಟಿಗೆ ಲಾರಿಗೆ," ಎಂದೆ.

"ನೀಲಕಂಠ ಬರಗಂಟ," ಎಂದರು ಅತ್ತೆ.

"ಮಾವ ಯಾವಾಗ ಬತ್ತಾನೆ?" ಮಾನಸಳ ಪ್ರಶ್ನೆ.

"ಊಟದ್ ಹೊತ್ಗೆ."

ಕಿಟಕಿ ಕಡೆ ಎದ್ದಿದ್ದ ಹುಳುಗಳನ್ನು ಒಂದೊಂದಾಗಿ ಬೆರಳಲ್ಲಿ ಎತ್ತಿ ಬೇರೆ ತಟ್ಟೆಗೆ ಹಾಕುವ ಕೆಲಸ ಮಾನಸಳಿಗೇ ಬಿತ್ತು. ಎಳೆ ಸೊಪ್ಪು ಸಣ್ಣಗೆ ಹೆಚ್ಚಿ ಹಾಕಿದಳು. ಒಂದು ಕೈ ಅಲ್ಲಿ, ಒಂದು ಕಣ್ಣು ಎದುರು ಗೋಡೆಯಲ್ಲಿ.

ಒಂಬತ್ತಕ್ಕೆ ಸಿದ್ದಮಲ್ಲಪ್ಪ ತಲೆ ಬಾಚಿಕೊಂಡು ಟಿವಿ ನೋಡಲು ಬಂದ. ಬಾಗಿಲು ಮುಚ್ಚಿದ ಟಿವಿ, ಮೇಲೆ ಉರಿಯುವ ಸ್ಟೆಬಿಲೈಸರಿನ ದೀಪ, ಹಿಂದೆ ಹುಳುವಿನ ತಟ್ಟೆ.

"ಮಲ್ಲಾಜಕ್ಕ, ಈ ವಾರದಿಂದ ಹುಳಕ್ಕೆ ಟಿವಿ ತೋರುಸ್ತಾ ಇದೀರಾ?"

"ತೋರುಸ್ತಿಲ್ಲ ಕಣ್ಲಾ. ಅವುಕ್ಕೆ ಬೆನ್ನು ಮಾಡಿ ಕೂರ್ಸವ್ರೆ, ಕೆಟ್ಟದ್ದು ಕಾಣ್ದಿರ್ಲಿ ಅಂತ."

"ಅಲ್ಲ, ಕರೆಂಟು ಉರೀತಾ ಅದೆ, ಮನ್ಸ ನೋಡಂಗಿಲ್ವಾ? ಸ್ವಲ್ಪ ಬಾಗ್ಲು ತೆಗೀರವ್ವ, ನಾನು ಹುಳದ್ ಕಡೆ ನೋಡಕ್ಕಿಲ್ಲ."

"ವೈರಿಲ್ಲ ಸಿದ್ದಮಲ್ಲಣ್ಣ, ಬರೀ ಚುಕ್ಕಿ ಬತ್ತದೆ," ಎಂದೆ.

"ಚುಕ್ಕಿನಾದ್ರೂ ನೋಡ್ತಿದ್ದೆ." ಹೋಗಲಿಲ್ಲ. ಜಗಲಿಯ ಮೇಲೆ ಕೂತು ಒಳಗೆ ಇಣುಕುತ್ತಲೇ ಇದ್ದ. ಎಲ್ಲ ಟಿವಿಯಿಂದಲೂ ಹಿಂದಿನಿಂದ ಕಿರಣ ಬರುತ್ತದೆಂದೂ, ಅದಕ್ಕೇ ಬುದ್ಧಿವಂತರು ಗೋಡೆಗೆ ಒತ್ತಿ ಇಡುವುದೆಂದೂ ಯಜಮಾನರಿಗೆ ವಿವರಿಸಿದ. ಯಜಮಾನರು, ಕಂಪ್ಯೂಟರಿಗಾದರೆ ತಣ್ಣಗಿನ ಗಾಳಿ ಬೇಕು, ಅದಕ್ಕೊಂದು ಮೆಷಿನ್ನೇ ಹಾಕಿದ್ದಾರೆ, ಬಿಸಿಯಾದರೆ ಕೆಡುತ್ತದಂತೆ ಎಂದರು.

ನಾನು ಸೊಪ್ಪಿನ ಮೂಟೆ ಇಳಿಸುತ್ತಿದ್ದವಳು ಹಾಗೇ ನಿಂತೆ. ಬಿಸಿ. ಹೋಗಿ ಟಿವಿಯ ಬೆನ್ನಿಗೆ ಕೈ ಇಟ್ಟೆ. ಆ ತೂತುಗಳಿಂದ, ರೊಟ್ಟಿ ತೆಗೆದು ಕೆಳಗಿಳಿಸಿದ ಕಾವಲಿಯ ಮೇಲೆ ಅಂಗೈ ಹಿಡಿದ ಹಾಗೆ, ಬೆಚ್ಚಗೆ ಬಡಿಯುತ್ತಿತ್ತು. ಕಾವು ಇದ್ದ ಕಡೆ ಹುಳು ಬೇಗ ಏಳುತ್ತದೆ, ಚಳಿ ಇದ್ದ ಕಡೆ ತಡ. ಹುಳು ಸಾಕುವ ಯಾರಿಗೂ ಗೊತ್ತಿರುವ ಮಾತು. ಚಳಿಗಾಲದಲ್ಲಿ ನಾವೇ ಮೂಲೆಯಲ್ಲಿ ಕೆಂಡದ ಬಾಣಲೆ ಇಡುತ್ತೇವೆ. ಟಿವಿಯೂ ಒಂದು ಕೆಂಡದ ಬಾಣಲೆ ಎಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ನಮಗೆ ಅದು ಮುಂದಿನಿಂದ ನೋಡುವ ವಸ್ತು.

ಹೇಳಲಿಲ್ಲ. ಹೇಳಿದರೆ ಅತ್ತೆ ಒಪ್ಪುವವರಲ್ಲ, ಹುಳುವೇ ಹೇಳಬೇಕು.

ಹನ್ನೊಂದಕ್ಕೆ ಕರೆಂಟು ಹೋಯಿತು. ಮಾನಸ ಟಿವಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಸ್ಟೆಬಿಲೈಸರಿನ ದೀಪವನ್ನೇ ನೋಡುತ್ತಿದ್ದಳು. ಅರ್ಧ ಗಂಟೆಯಾದ ಮೇಲೆ ದೀಪ ಹತ್ತಿತು. ಟಿವಿ ಇನ್ನೊಮ್ಮೆ ಕಾಯುವ ಹೊತ್ತಿಗೆ ಹೊರಗೆ ಲಾರಿಯ ಹಾರನ್ನು ಕೇಳಿಸಿತು. ಊಟದ ಹೊತ್ತಿಗೆ ಬರಬೇಕಾದ ನೀಲಕಂಠ ಹಸಿದು ಮೊದಲೇ ಬಂದಿದ್ದ.

"ಅಕ್ಕ, ಮುದ್ದೆ ಆಯ್ತಾ?" ಎನ್ನುತ್ತ ಒಳಗೆ ಬಂದವನು, ಎಲ್ಲರೂ ಒಂದು ಗೋಡೆಯ ಕಡೆ ಮುಖ ಮಾಡಿ ನಿಂತದ್ದು ನೋಡಿ, "ಯಾರಿಗೇನಾಯ್ತು?" ಎಂದ.

"ನಿನ್ ಪೆಟ್ಟಿಗೆಗೆ ತೀರ್ಮಾನ ಕಣಪ್ಪ," ಸಿದ್ದಮಲ್ಲಪ್ಪ ಜಗಲಿಯಿಂದ ಕೂಗಿದ.

ಅತ್ತೆ ಮಡಿಲಿನ ಪೆಟ್ಟಿಗೆ ಹಿಡಿದು ಎದ್ದು ನಿಂತರು. "ಬಂದ್ಯಾ? ತಗೋ..." ಎಂದು ಚಾಚಿದ ಕೈ ಅಲ್ಲೇ ನಿಂತಿತು. ತಲೆ ವಾಲಿಸಿದರು. ನಮಗಾರಿಗೂ ಏನೂ ಕೇಳಿಸಲಿಲ್ಲ.

"ಯಶೋದಾ. ಯಾವ ತಟ್ಟೆ?"

ಬ್ಯಾಟರಿ ಬಿಟ್ಟೆ. ಟಿವಿಯ ಬೆನ್ನಿಗಿದ್ದ ನಡುವಿನ ತಟ್ಟೆಯಲ್ಲಿ, ಟಿವಿಯ ಕಡೆಯ ಅಂಚಿನಲ್ಲಿ, ಒಂದು ಹುಳು ಹಳೆ ಸಿಪ್ಪೆಯನ್ನು ಕಾಲುಚೀಲದ ಹಾಗೆ ಹಿಂದಕ್ಕೆ ಬಿಟ್ಟು ಹೊರಗೆ ಬರುತ್ತಿತ್ತು. ಅದರ ಪಕ್ಕ ಇನ್ನೊಂದು. ಆಚೆ ಹತ್ತಾರು ಆಗಲೇ ಹರಿದಾಡುತ್ತಿದ್ದವು. ಮೇಲಿನ ತಟ್ಟೆ, ಕೆಳಗಿನ ತಟ್ಟೆ, ಇದೇ ತಟ್ಟೆಯ ಗೋಡೆಯ ಕಡೆ, ಎಲ್ಲ ನಿದ್ದೆ.

"ಟಿವಿ ಹಿಂದ್ಗಡೆದು," ಎಂದೆ. "ಇನ್ಯಾವುದೂ ಎದ್ದಿಲ್ಲ ಅತ್ತೆ."

ಮಾನಸ ಕುಣಿಯಲಿಲ್ಲ. ಅಜ್ಜಿಯ ಕೈ ಹಿಡಿದು ತಂದು ಟಿವಿಯ ಬೆನ್ನಿಗೆ ಇಟ್ಟಳು. ನನ್ನ ಹಾಗೆ ಅವಳೂ ಯಾವಾಗಲೋ ಮುಟ್ಟಿ ನೋಡಿದ್ದಳು.

ಅತ್ತೆ ಕೈ ತೆಗೆಯಲೇ ಇಲ್ಲ. ಇನ್ನೊಂದು ಕೈಯನ್ನೂ ಇಟ್ಟರು. "ಒಲೆ ಕಣೇ ಇದು! ಇಷ್ಟು ವರ್ಷ ಮನೇಲಿ ಒಲೆ ಉರ್ಸಿ, ಮುಂದ್ಗಡೆ ಕೂತು ಗೊಂಬೆ ನೋಡ್ತಿದ್ರಾ ನೀವೆಲ್ಲ?"

"ಅಂಗಾರೆ ಪೆಟ್ಟಿಗೆ ತಗೊಂಡೋಗ್ಲಾ, ಬೇಡ್ವಾ?" ನೀಲಕಂಠನಿಗೆ ಮುದ್ದೆಯ ಚಿಂತೆ.

"ಪೆಟ್ಟಿಗೆ ಇರ್ಲಿ. ತಪ್ಪು ಅದ್ರುದಲ್ಲ. ಒಲೆಯ ಹುಳದ್ ಹತ್ರ ಇಟ್ಟೋರುದು. ಟಿವಿಯ ಎತ್ತಿ ಇಲ್ಲಿಂದ."

"ಎಲ್ಲಿಗೆ ಎತ್ತದವ್ವ? ಎಲ್ಲ ಕಡೆ ತಟ್ಟೆ," ಯಜಮಾನರು ಕೇಳಿದರು.

"ನನ್ ರೂಮಿಗೆ. ಮಂಚದ್ ಪಕ್ಕಕ್ಕೆ. ಬೆನ್ನು ನನ್ ಕಡೆ ಇರ್ಲಿ. ಈ ಚಳಿಗೆ ಮಂಡಿ ಇಡ್ಕೊಂಡು ಸಾಯ್ತಿವ್ನಿ, ಒಬ್ರಾದ್ರೂ ಕೇಳಿದ್ರಾ?"

"ಮಲ್ಲಾಜಕ್ಕ, ನಿನ್ ರೂಮಿಗೆ ನಾನೆಂಗೆ ಬರ್ಲಿ?" ಸಿದ್ದಮಲ್ಲಪ್ಪ ಎದ್ದೇ ನಿಂತ.

"ಚಪ್ಪಲಿ ಬುಟ್ಟು ಬಾ."

ಊಟವಾದ ಮೇಲೆ ನೀಲಕಂಠನೂ ಯಜಮಾನರೂ ಟಿವಿಯನ್ನು ಹೊತ್ತರು. ಅತ್ತೆಯ ಮಂಚಕ್ಕೂ ಟಿವಿಯ ಬೆನ್ನಿಗೂ ನಡುವೆ ಎರಡು ಗೇಣು ಜಾಗ. ಮಾನಸ ಹಿಂದೆ ವೈರು ಸಿಕ್ಕಿಸಿ, ಆಚೆ ಕಡೆ ಪರದೆಯ ಮುಂದೆ ನೆಲದಲ್ಲಿ ಕೂತಳು. ಸಂಜೆ ಹುಳುವೆಲ್ಲ ಎದ್ದು ನಾನು ಸೊಪ್ಪು ಹಾಕುತ್ತಿದ್ದಾಗ ರೂಮಿನಿಂದ ಮಾತು ಕೇಳಿಸುತ್ತಿತ್ತು.

"ಈಗೇನಮ್ಮಿ ಸದ್ದು ಬಂತು?"

"ಸತ್ತೋದೆ ಅಜ್ಜಿ."

"ಸತ್ಮೇಲೆ ಇನ್ನೂ ಎಂಗೆ ಆಡ್ತಾ ಇದೀಯ?"

"ಮೂರ್ ಸಲ ಸಾಯ್ಬೋದು."

ಗುಂಡಿ ಒತ್ತುವ ಟಕ ಟಕ ಒಮ್ಮೆಲೇ ನಿಂತಿತು.

"ಯಾಕಮ್ಮಿ ನಿಲ್ಸಿದೆ?"

"ಅವ್ವ ಒಬ್ಳೇ ಸೊಪ್ಪು ಹಾಕ್ತಾವ್ಳೆ. ಓಗ್ತೀನಿ."

"ಓಗು. ಆ ಹಿಡಿಯ ನನ್ ಕೈಗ್ ಕೊಟ್ಟೋಗು. ಯಾವ ಗುಂಡಿ ಒತ್ತಿದ್ರೆ ಸಾಯಕ್ಕಿಲ್ಲ, ಅದ್ನ ಮೊದ್ಲು ತೋರ್ಸು."