ಯಾರೂ ಆಮೆನ್ ಅನ್ನದ ಪ್ರಾರ್ಥನೆ

ಅತ್ತಿಗೆ ನಾದಿನಿಯನ್ನು ಎದುರಿಗೆ ಒಂದು ಮಾತು ಅಂದವಳಲ್ಲ. ಅನ್ನುವುದನ್ನೆಲ್ಲ ಬುಧವಾರ ಸಂಜೆ ತನ್ನ ಮನೆಯಲ್ಲೇ ನಡೆಯುವ ಪ್ರಾರ್ಥನಾಕೂಟದಲ್ಲಿ ಕಣ್ಣು ಮುಚ್ಚಿಕೊಂಡು ದೇವರಿಗೆ ಹೇಳುತ್ತಿದ್ದಳು.

"ತಂದೆಯೇ, ನನ್ನ ನಾದಿನಿ ಮನಸ್ಸಲ್ಲಿರೋ ಕಹಿ ತೊಳೆ. ಹೆತ್ತ ತಾಯಿ ಹಾಸಿಗೆ ಹಿಡಿದಾಗ ದುಡಿಮೆಯೇ ಹೆಚ್ಚು ಅಂದ್ಕೊಂಡಳಲ್ಲ, ಅದನ್ನೂ ಕ್ಷಮಿಸು."

ಸುತ್ತ ಕೂತವರು ಆಮೆನ್ ಅನ್ನುತ್ತಿದ್ದರು. ನಾದಿನಿಯೂ ಅಲ್ಲೇ, ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಹಲ್ಲು ಕಚ್ಚಿಕೊಂಡು ಕೂತಿರುತ್ತಿದ್ದಳು. ಎದುರು ಮಾತಾಡಿದರೆ ಪ್ರಾರ್ಥನೆ ಕೆಡಿಸಿದಳು ಅನ್ನುತ್ತಾರೆ. ಎದ್ದುಹೋದರೆ ಕುಂಬಳಕಾಯಿ ಕಳ್ಳ ಅಂದಾಗ ಹೆಗಲು ಮುಟ್ಟಿ ನೋಡಿಕೊಂಡಳು ಅನ್ನುತ್ತಾರೆ. ಬರದೇ ಇದ್ದರೆ ಅತ್ತಿಗೆ ಗೆದ್ದ ಹಾಗೆ. ಅದಕ್ಕೇ ತಪ್ಪದೆ ಬರುತ್ತಿದ್ದಳು.

ಅವಳು ಶೂ ಕಾರ್ಖಾನೆಯಲ್ಲಿ ಅಟ್ಟೆಗೆ ಅಂಟು ಹಚ್ಚುವ ಕೆಲಸದವಳು. ಮದುವೆಯಾಗಿರಲಿಲ್ಲ. ಕಾರ್ಖಾನೆಯ ಹತ್ತಿರವೇ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಳು. ಅಮ್ಮ ಅಣ್ಣನ ಮನೆಯಲ್ಲಿದ್ದಳು; ಇವಳು ಭಾನುವಾರ ಆರಾಧನೆ ಮುಗಿಸಿ ಹೋಗಿ ನೋಡಿಕೊಂಡು ಬರುತ್ತಿದ್ದಳು. ಅಮ್ಮನ ಸ್ಥಿತಿ ಬಿಗಡಾಯಿಸಿದ ಆ ವಾರ ಅಣ್ಣ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ. ಅತ್ತಿಗೆ ಫೋನ್ ಮಾಡಿದ್ದು ಎಲ್ಲ ಮುಗಿದ ಮೇಲೆ. "ನಿನಗೆ ಡ್ಯೂಟಿ ಇತ್ತಲ್ಲ, ಸುಮ್ಮನೆ ಯಾಕೆ ತೊಂದರೆ ಅಂತ" ಅಂದಿದ್ದಳು.

ಒಂದು ಬುಧವಾರ ಪಾಸ್ಟರ್ ಕೂಟಕ್ಕೆ ಬಂದರು. ಹೆಚ್ಚು ಮಾತಿನವರಲ್ಲ. "ಹೃದಯ ಶುದ್ಧವಾಗಿರೋರಿಗೆ ದೇವರು ಕಾಣ್ತಾನೆ ಅಂತೀವಿ. ಅದು ಕೊಳೆಯೇ ಇಲ್ಲದ ಹೃದಯ ಅಂತಲ್ಲ. ಒಳಗೊಂದು ಹೊರಗೊಂದು ಇಲ್ಲದ ಹೃದಯ" ಅಂದರು. ಅತ್ತಿಗೆ ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದಳು. ಪ್ರಾರ್ಥನೆ ಶುರುವಾದಾಗ ಎಂದಿನಂತೆ ನಾದಿನಿಯ ಕಹಿಯನ್ನು ದೇವರ ಮುಂದಿಟ್ಟಳು. ಪಾಸ್ಟರ್ ಇದ್ದಾರೆಂದು ಇನ್ನಷ್ಟು ಉದ್ದವಾಗಿ ಇಟ್ಟಳು.

ಆಮೆನ್ ಮುಗಿಯುತ್ತಿದ್ದಂತೆ ನಾದಿನಿ ಬಾಯಿಬಿಟ್ಟಳು. ಅವಳು ಕೂಟದಲ್ಲಿ ಗಟ್ಟಿಯಾಗಿ ಪ್ರಾರ್ಥಿಸಿದ್ದು ಅದೇ ಮೊದಲು.

"ದೇವರೇ, ಅತ್ತಿಗೆ ಕಂಡ್ರೆ ನನಗಾಗಲ್ಲ. ಅದು ನಿನಗೆ ಗೊತ್ತು, ಅವರಿಗೂ ಗೊತ್ತು. ಅವರು ಮೆಟ್ಟಿಲಲ್ಲಿ ಜಾರಿ ಕೈ ಮುರ್ಕೊಂಡಾಗ ಹಣ್ಣು ತಂದ್ಕೊಟ್ಟೆ. ಇಲ್ಲಿರೋರು ಎಂಥ ಒಳ್ಳೆ ಮನಸ್ಸು ಅಂದ್ರು. ನಾನು ಕೈ ಮುರೀತಲ್ಲ ಅಂತ ದಾರಿಯುದ್ದಕ್ಕೂ ಖುಷಿಪಟ್ಕೊಂಡು ಬಂದಿದ್ದೆ. ಅಮ್ಮನ ಉಸಿರಿರುವಾಗ ನನ್ನನ್ನ ಕರೀಲಿಲ್ಲ. ಅವರನ್ನ ಕ್ಷಮಿಸೋಕೆ ಶಕ್ತಿ ಕೊಡು ಅಂತ ಕೇಳೋಕೂ ಮನಸ್ಸು ಬರ್ತಿಲ್ಲ. ಕ್ಷಮಿಸಿದ್ದೀನಿ ಅಂತ ಇನ್ಮೇಲೆ ನಿನಗೆ ಸುಳ್ಳು ಹೇಳಲ್ಲ. ಅಷ್ಟೇ."

ಯಾರೂ ಆಮೆನ್ ಅನ್ನಲಿಲ್ಲ. ಪಾಸ್ಟರ್ ತಲೆ ಎತ್ತಲಿಲ್ಲ. ಕೊನೆಗೆ ಅಣ್ಣ ಕೆಮ್ಮಿ, "ಟೀ ಆಯ್ತಾ ನೋಡು" ಅಂದ. ಅತ್ತಿಗೆ ಎದ್ದು ಒಳಗೆ ಹೋದಳು. ಟೀ ಕುಡಿದವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು.

ಅತ್ತಿಗೆ ಲೋಟ ತೊಳೆಯುತ್ತಿದ್ದಳು. ನಾದಿನಿ ಉಳಿದ ಲೋಟಗಳನ್ನು ತಂದು ಕಟ್ಟೆಯ ಮೇಲೆ ಕುಕ್ಕಿದಳು.

"ಮನೆ ಮರ್ಯಾದೆ ಹರಾಜು ಹಾಕಿಬಿಟ್ಟೆ" ಅಂದಳು ಅತ್ತಿಗೆ.

"ವಾರವಾರ ಹಾಕ್ತಿದ್ದೋರು ನೀವು."

"ಏನೇ ಗೊತ್ತು ನಿನಗೆ? ಭಾನುವಾರ ಬಂದು ಕೆನ್ನೆ ಸವರಿ ಹೋಗೋದು ಮಾತ್ರ ಗೊತ್ತು. ಉಣ್ಣಿಸಿ, ತೊಳೆದು, ಮಗ್ಗುಲು ಬದಲಾಯಿಸಿದವಳು ನಾನು. ಆ ವಾರ ಪೂರ್ತಿ ಅತ್ತೆಗೆ ನಿನ್ನದೇ ಜಪ. ಮಗಳು ಬಂದ್ಲಾ, ಮಗಳು ಬಂದ್ಲಾ. ನೀರು ಕುಡಿಸೋಕೆ ಹೋದ್ರೆ ನನ್ನ ಕೈ ಹಿಡ್ಕೊಂಡು, ನೀನೇ ಅಂದ್ಕೊಂಡು ಮುತ್ತು ಕೊಟ್ರು. ನನ್ನ ಹೊಟ್ಟೆ ಉರಿದುಹೋಯ್ತು." ಅತ್ತಿಗೆ ನಲ್ಲಿ ನಿಲ್ಲಿಸಿದಳು. "ಡ್ಯೂಟಿಗೀಟಿ ಏನಿಲ್ಲ. ಬೇಕಂತಲೇ ಕರೀಲಿಲ್ಲ."

ನಾದಿನಿಗೆ ಕೈ ಎತ್ತಿ ಹೊಡೆಯಬೇಕು ಅನ್ನಿಸಿತು. ಕಟ್ಟೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು.

"ಇದನ್ನ ನಾನು ಕ್ಷಮಿಸಲ್ಲ."

"ಕ್ಷಮಿಸು ಅಂತ ನಾನೆಲ್ಲಿ ಕೇಳಿದೆ?"

ಹೊರಗೆ ಅಣ್ಣ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುವ ಸದ್ದು. ಅತ್ತಿಗೆಯ ಕೈಯಿಂದ ಸೋಪಿನ ನೊರೆ ತೊಟ್ಟಿಕ್ಕುತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ. ನಾದಿನಿಯ ದ್ವೇಷ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರಲಿಲ್ಲ. ಆದರೆ ಅಮ್ಮ ಸತ್ತ ಮೇಲೆ ಈ ಮನೆಯಲ್ಲಿ ತನಗೆ ಯಾರಾದರೂ ನಿಜ ಹೇಳಿದ್ದು ಇದೇ ಮೊದಲು ಎಂದು ಅವಳಿಗೆ ಅನ್ನಿಸಿತು. ಹೋಗಲು ತಿರುಗಿದವಳು ಹೋಗಲಿಲ್ಲ.

"ಅಮ್ಮ ಇನ್ನೇನಂದ್ಲು?" ಅಂದಳು.

ಅತ್ತಿಗೆ ಅವಳನ್ನು ದುರುಗುಟ್ಟಿ ನೋಡಿದಳು. ಆಮೇಲೆ, ನಡುನಡುವೆ ಅವಳನ್ನು ಬೈಯುತ್ತಲೇ, ಆ ವಾರದ ಸೋಮವಾರದಿಂದ ಶುರುಮಾಡಿ ಹೇಳತೊಡಗಿದಳು.