ಏಳನೇ ಕಾಲಂ

ಇಸ್ತ್ರಿಪೆಟ್ಟಿಗೆ ಸರಿಯಾಗಿ ಕಾಯುವ ಮೊದಲೇ ಬೀದಿಯಲ್ಲಿ ವ್ಯಾನು ಬಂದು ನಿಂತಿತು. ಹಾರ್ನು ಕೇಳಿಸಿದರೂ ತಂಗಿ ಕೈ ನಿಲ್ಲಿಸಲಿಲ್ಲ. ಅಕ್ಕನ ನೀಲಿ ನಿಲುವಂಗಿಯ ತೋಳನ್ನು ಮಗುಚಿ ಹಾಕಿ, ನೀರು ಚಿಮುಕಿಸಿ, ಇನ್ನೊಮ್ಮೆ ಒತ್ತಿದಳು. ಆರು ವರ್ಷದಿಂದ ಕೆಳಗಿನ ಲಾಂಡ್ರಿಯಲ್ಲಿ ಕಂಡವರ ಬಟ್ಟೆಗೆಲ್ಲ ಇಸ್ತ್ರಿ ಹಾಕಿದ ಕೈ ಅದು. ತನ್ನ ಬಟ್ಟೆಗೆ ಮಾತ್ರ ಅಕ್ಕ ಒಂದು ದಿನವೂ ಹಾಕಗೊಟ್ಟಿರಲಿಲ್ಲ. "ಪ್ರೆಸ್ಸಲ್ಲಿ ಮೂಲೇಲಿ ಕೂತು ಪ್ರೂಫ್ ತಿದ್ದೋಳನ್ನ ಯಾರೇ ನೋಡ್ತಾರೆ?" ಎಂದು ಹಗ್ಗದಿಂದ ಎಳೆದದ್ದನ್ನು ಹಾಗೇ ತೊಟ್ಟು ಹೊರಟುಬಿಡುತ್ತಿದ್ದಳು ಮಹಾತಾಯಿ.

"ಬೇಗ ಬಾರೇ, ಅವಳೇನು ಮದುವೆಗೆ ಹೊರಟಿದಾಳಾ?" ಎದುರುಮನೆ ಅಜ್ಜಿ ಮೆಟ್ಟಿಲ ಬುಡದಿಂದ ಕೂಗಿದಳು. ಕೂಗಿದ ಮೇಲೆ ತನ್ನ ಬಾಯಿಗೆ ತಾನೇ ಬಡಿದುಕೊಂಡು ಅತ್ತಳು.

ಮೆಟ್ಟಿಲು ಒಬ್ಬರು ಹತ್ತಿದರೆ ಇನ್ನೊಬ್ಬರು ಗೋಡೆಗೆ ಅಂಟಿಕೊಳ್ಳಬೇಕು, ಅಷ್ಟು ಇಕ್ಕಟ್ಟು. ಆಸ್ಪತ್ರೆಯಿಂದ ತಂದ ಅಕ್ಕನನ್ನು ಮೇಲಿನ ಕೋಣೆಗೆ ಒಯ್ಯಲಾಗದೆ ಲಾಂಡ್ರಿಯ ಉದ್ದನೆಯ ಮೇಜಿನ ಮೇಲೆಯೇ ಮಲಗಿಸಿದ್ದರು. ತಂಗಿ ದಿನಾ ನಿಂತು ದುಡಿಯುವ ಮೇಜು. ಆ ಮೇಜಿಗೂ, ಮೆಟ್ಟಿಲಿಗೂ, ಮೇಲಿನ ಕೋಣೆಗೂ ಇನ್ನು ಹದಿನೇಳು ದಿನದ ಆಯಸ್ಸು. ತಿಂಗಳು ಮುಗಿಯುವುದರೊಳಗೆ ಎಲ್ಲರೂ ಖಾಲಿ ಮಾಡಬೇಕು, ಕಟ್ಟಡ ಕೆಡವುತ್ತೇವೆ ಎಂದು ಮಾಲೀಕರು ಚೀಟಿ ಅಂಟಿಸಿ ಎಷ್ಟೋ ದಿನವಾಗಿತ್ತು. ಅಕ್ಕತಂಗಿಯರು ಅದಕ್ಕೆ ತಲೆ ಕೆಡಿಸಿಕೊಂಡಿರಲಿಲ್ಲ. ಸೋಮವಾರ ಅವರ ಕೈಗೆ ಹೊಸ ಮನೆಯ ಬೀಗದ ಕೈ ಬರುವುದಿತ್ತಲ್ಲ.

ಬಟ್ಟೆ ತೊಡಿಸಿದ ಮೇಲೆ ಬೀದಿಗೆ ಬೀದಿಯೇ ಸಾಲಾಗಿ ಬಂದು ಅಕ್ಕನ ಮುಖ ನೋಡಿತು. ಯಾರ ಬಾಯಲ್ಲೂ ಅವಳ ಹೆಸರಿಲ್ಲ, ಎಲ್ಲರಿಗೂ ಅವಳು ಅರ್ಜಿ ಅಕ್ಕ. ಮಗುವನ್ನು ಶಾಲೆಗೆ ಸೇರಿಸುವ ಅರ್ಜಿ, ನಲ್ಲಿಯ ಅರ್ಜಿ, ಪಿಂಚಣಿಯ ಅರ್ಜಿ, ಎಲ್ಲವನ್ನೂ ಅವಳೇ ತುಂಬಿಕೊಟ್ಟವಳು. ಬಾಡಿಗೆದಾರರ ಸಂಘ, ನಗರಸಭೆ, ಒಂದು ದತ್ತಿಸಂಸ್ಥೆ, ಈ ಮೂರೂ ಸೇರಿ ಮನೆ ಸಮಿತಿ ಮಾಡಿಕೊಂಡು ಹಳೇ ಬಸ್ ಡಿಪೋ ಜಾಗದಲ್ಲಿ ಕೈಗೆಟುಕುವ ಬಾಡಿಗೆಯ ಇಪ್ಪತ್ನಾಲ್ಕು ಮನೆ ಕಟ್ಟಲು ಹೊರಟಾಗ, ಇನ್ನೂರು ಅರ್ಜಿ ತುಂಬಿದವಳೂ ಅವಳೇ. ಚೀಟಿ ಎತ್ತಿದಾಗ ಅವಳಿಗೆ ಹತ್ತೊಂಬತ್ತನೇ ಮನೆ ಬಂತು. ಬೀದಿಯವರು ಅವಳನ್ನು ಎತ್ತಿ ಕುಣಿಸುವುದೊಂದು ಬಾಕಿ.

ಸಮಿತಿಯ ಕಾರ್ಯದರ್ಶಿ, ರಿಟೈರಾದ ಪೋಸ್ಟ್ ಮಾಸ್ತರರು ಎಲ್ಲರಿಗಿಂತ ಮೊದಲೇ ಬಂದಿದ್ದರು. ಬಂದವರು ತಂಗಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಅವಳು ಬಾಗಿಲ ಕಡೆ ನೋಡಿದರೆ ಅವರು ವ್ಯಾನಿನ ಚಕ್ರ ನೋಡುತ್ತಿದ್ದರು. ಬಸ್ಸು ತೊಳೆಯುವವನದೂ ಅದೇ ಕತೆ. ಹೊಸ ಡಿಪೋದಿಂದ ಒದ್ದೆ ಪ್ಯಾಂಟಿನಲ್ಲೇ ಓಡಿಬಂದವನು, ಅಂಗಿಯ ಜೇಬನ್ನು ಒಂದು ಕೈಯಿಂದ ಒತ್ತಿ ಹಿಡಿದು ಎಲ್ಲರ ಹಿಂದೆ ನಿಂತಿದ್ದ. ದುಃಖಕ್ಕೆ ಎದೆ ಹಿಡಿದುಕೊಂಡಿದ್ದಾನೆ ಪಾಪ, ಎಂದುಕೊಂಡಳು ತಂಗಿ.

*

ಡಿಪೋ ಜಾಗ ಇನ್ನೂ ಬಯಲಾಗಿದ್ದಾಗ ಒಂದು ಭಾನುವಾರ ಅಕ್ಕ ಅಳತೆ ಟೇಪು, ಸುಣ್ಣದ ಪುಡಿ ಹಿಡಿದುಕೊಂಡು ತಂಗಿಯನ್ನು ಎಳೆದುಕೊಂಡು ಹೋಗಿದ್ದಳು. ನಕ್ಷೆ ನೋಡಿದರೆ ಜನಕ್ಕೆ ಏನು ಅರ್ಥವಾಗುತ್ತದೆ, ಮನೆಯೊಳಗೆ ಓಡಾಡಿ ನೋಡಲಿ ಎಂದು ಒಂದು ಮನೆಯ ಪೂರ್ತಿ ಅಳತೆಯನ್ನು ನೆಲದ ಮೇಲೆ ಎಳೆದಳು. ಜನ ಬಂದರು. ಸುಣ್ಣದ ಗೆರೆ ದಾಟದೆ, ಬಾಗಿಲು ಇದ್ದ ಕಡೆಯಿಂದಲೇ ಒಳಗೆ ಕಾಲಿಟ್ಟರು. ಎದುರುಮನೆ ಅಜ್ಜಿ ಅಡುಗೆಮನೆಯಲ್ಲಿ ನಿಂತು, "ಬೆನ್ನು ತಿರುಗಿಸೋಕೆ ಜಾಗ ಇದೆ ಕಣ್ರೇ" ಎಂದು ನಿಜವಾಗಲೂ ಒಂದು ಸುತ್ತು ತಿರುಗಿದಳು. ಎಲ್ಲರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು.

ಜನ ಹೋದ ಮೇಲೆ ಅಕ್ಕ ಮೂಲೆಯಲ್ಲಿ ಇನ್ನೊಂದು ಉದ್ದನೆಯ ಚೌಕ ಎಳೆದಳು.

"ಇದೇನೇ?"

"ನಿನ್ನ ಇಸ್ತ್ರಿ ಮೇಜು. ಕಿಟಕಿ ಪಕ್ಕ. ಲಾಂಡ್ರಿ ಮುಚ್ಚಿದ್ರೆ ನೀನೇನು ಬೀದೀಲಿ ನಿಂತು ಇಸ್ತ್ರಿ ಹಾಕ್ತೀಯಾ?"

ಗಂಡ ತೀರಿಕೊಂಡು, ಅತ್ತೆಮನೆಯವರು ಹೊರಗೆ ಹಾಕಿ, ಒಂದು ಚೀಲ ಹಿಡಿದು ಅಕ್ಕನ ಕೋಣೆಗೆ ಬಂದ ಮೇಲೆ ತಂಗಿ ಅಂದು ಮೊದಲ ಸಲ ಗಟ್ಟಿಯಾಗಿ ನಕ್ಕದ್ದು. ಆ ಚೌಕದ ಮುಂದೆ ನಿಂತು ಗಾಳಿಯಲ್ಲೇ ಒಂದು ಅಂಗಿಗೆ ಇಸ್ತ್ರಿ ಹಾಕಿ ತೋರಿಸಿದ್ದಳು.

*

ಸ್ಮಶಾನದಲ್ಲಿ ಎಲ್ಲ ಬೇಗ ಮುಗಿಯಿತು. ಒಬ್ಬೊಬ್ಬರೂ ಒಂದೊಂದು ಹಿಡಿ ಮಣ್ಣು ಹಾಕಿ ಕೈ ಕೊಡವಿಕೊಂಡು ಗೇಟಿನ ಕಡೆ ನಡೆದರು. ಪ್ರೆಸ್ಸಿನ ಮಾಲೀಕರು, "ಮೂವತ್ತು ವರ್ಷದಲ್ಲಿ ಒಂದೇ ಒಂದು ತಪ್ಪು ಅವಳ ಕಣ್ಣು ತಪ್ಪಿಸ್ಲಿಲ್ಲ ಕಣಮ್ಮ" ಎಂದು ಹೇಳಿ ಕಣ್ಣೊರೆಸಿಕೊಂಡರು. ಆ ಮಾತು ಕೇಳಿ ಪೋಸ್ಟ್ ಮಾಸ್ತರರ ಮುಖ ಸಣ್ಣಗಾಯಿತು. ಅವರು ತಂಗಿಯನ್ನು ಮರದ ಕೆಳಗಿನ ಕಲ್ಲುಬೆಂಚಿಗೆ ಕರೆದೊಯ್ದು ಕೂರಿಸಿದರು.

"ಇವತ್ತು ಹೇಳಬಾರದು ತಾಯಿ. ಆದ್ರೆ ಬೇರೆಯವರ ಬಾಯಿಂದ ನಿನ್ನ ಕಿವಿಗೆ ಬಿದ್ರೆ ನನ್ನ ಮುಖ ನೋಡೋಕೆ ಆಗಲ್ಲ ನಿನಗೆ."

"ಮನೆ ವಿಷಯಾನಾ ಮಾಸ್ತರೇ? ಸೋಮವಾರ ನಾನೇ ಬಂದು ಬೀಗದ ಕೈ ಇಸ್ಕೋತೀನಿ ಬಿಡಿ."

ಮಾಸ್ತರರು ಚೀಲದಿಂದ ಒಂದು ಕಾಗದ ತೆಗೆದು ಅವಳ ತೊಡೆಯ ಮೇಲಿಟ್ಟರು. ಅಕ್ಕನ ಅರ್ಜಿ. ನಾಲ್ಕು ಮೂಲೆಯಲ್ಲೂ ಒಣಗಿದ ಅಂಟು. ತಂಗಿ ಅದನ್ನು ನೋಡಿದ ಕೂಡಲೇ ಗುರುತು ಹಿಡಿದಳು. ಸಮಿತಿಯ ಕೋಣೆಯ ಗೋಡೆಯ ಮೇಲಿದ್ದ ಮಾದರಿ ಅರ್ಜಿ. ತುಂಬುವುದು ಹೇಗೆಂದು ಜನ ನೋಡಿಕೊಳ್ಳಲಿ ಎಂದು ಅಕ್ಕ ತನ್ನದೇ ಹೆಸರು ಬರೆದು ಅಂಟಿಸಿದ್ದಳು. ವಾರಕ್ಕೆರಡು ಸಲ ಆ ಕೋಣೆ ಗುಡಿಸಲು ಹೋಗುತ್ತಿದ್ದ ತಂಗಿ ಅದರ ಧೂಳು ಕೂಡ ಒರೆಸಿದ್ದಳು.

"ಏಳನೇ ಕಾಲಂ ಓದು."

ತಂಗಿಗೆ ಅಕ್ಷರ ಕಲಿಸಿದವಳು ಅಕ್ಕನೇ. ಬೆರಳಿಟ್ಟು ಮೆಲ್ಲಗೆ ಓದಿದಳು. ಏಳು. ಅರ್ಜಿದಾರರ ಜೊತೆ ವಾಸವಾಗಿರುವವರು. ಅದರ ಮುಂದೆ ಅಕ್ಕನ ದುಂಡನೆಯ ಅಕ್ಷರದಲ್ಲಿ: ಯಾರೂ ಇಲ್ಲ.

"ಇದು ನಾನು ಬರೋಕೆ ಮುಂಚೆ ಬರೆದದ್ದು ಮಾಸ್ತರೇ. ಯಾವ ಕಾಲಮ್ಮೂ ಖಾಲಿ ಬಿಡಬಾರದು, ಯಾರೂ ಇಲ್ಲದಿದ್ರೆ ಯಾರೂ ಇಲ್ಲ ಅಂತ ಬರೀಬೇಕು ಅಂತ ತೋರಿಸೋಕೆ."

"ಗೊತ್ತು ತಾಯಿ. ಕೊನೇ ದಿನ ಐದು ಗಂಟೆಗೆ ಬಾಗಿಲು ಹಾಕಬೇಕಿತ್ತು. ಎಲ್ಲರದ್ದೂ ತುಂಬಿ ಎದ್ದಾಗ ಉಳಿದಿದ್ದು ಒಂದೇ ಖಾಲಿ ಅರ್ಜಿ. ಅದನ್ನ ತನಗೆ ಅಂತ ಎತ್ತಿಟ್ಕೊಂಡಳು. ಅಷ್ಟರಲ್ಲಿ ಬಸ್ಸು ತೊಳೆಯೋನು ಏದುಸಿರು ಬಿಡ್ತಾ ಬಂದ. ಅವನಿಗೆ ಅದನ್ನ ತುಂಬಿಕೊಟ್ಟು, ಗೋಡೆ ಮೇಲಿಂದ ಇದನ್ನ ಕಿತ್ತು, ಸಹಿ ಹಾಕಿ ನನ್ನ ಕೈಗಿಟ್ಟಳು. ಪ್ರೆಸ್ಸಿನೋಳು ನೋಡು, ತನ್ನದನ್ನ ತಾನು ಓದಲೇ ಇಲ್ಲ."

"ಈಗ ನನ್ನ ಹೆಸರು ಸೇರಿಸಿ."

"ಬೀಗದ ಕೈ ಕೊಡೋ ಮುಂಚೆ ಬರೆಸ್ಕೊಳ್ಳೋ ಒಪ್ಪಿಗೆ ಪತ್ರದಲ್ಲಿ ಸೇರಿಸಬಹುದಿತ್ತು, ಅವಳೇ ಕೂತು ಬರೆದಿದ್ರೆ. ಗುರುವಾರಕ್ಕೆ ಇಟ್ಕೊಂಡಿದ್ವಿ." ಅಕ್ಕ ಮಂಗಳವಾರ ಪ್ರೆಸ್ಸಿನಲ್ಲೇ ಮೇಜಿನ ಮೇಲೆ ತಲೆಯಿಟ್ಟವಳು ಮತ್ತೆ ಎದ್ದಿರಲಿಲ್ಲ. "ನಿಯಮ ನಿನಗೆ ಗೊತ್ತಲ್ಲ."

ಗೊತ್ತಿಲ್ಲದೆ ಏನು! ಆ ನಿಯಮ ಮಾಡಿದ್ದು ಯಾರು ಅನ್ನುವುದೂ ಗೊತ್ತಿತ್ತು.

*

ಮನೆ ಸಿಕ್ಕವರ ಪಟ್ಟಿ ಹೊರಬಿದ್ದ ವರ್ಷ, ಅದರಲ್ಲಿದ್ದ ಒಬ್ಬ ಮುದುಕರು ತೀರಿಕೊಂಡಾಗ, ಅವರನ್ನು ಬದುಕಿರುವಾಗ ಕಣ್ಣೆತ್ತಿ ನೋಡದ ಮೂವರು ಬಂದು ನಾನು ಜೊತೆಗಿದ್ದೆ, ನಾನು ಜೊತೆಗಿದ್ದೆ ಎಂದು ಸಮಿತಿಯ ಬಾಗಿಲಲ್ಲಿ ಕಿತ್ತಾಡಿದ್ದರು. ಅಂದಿನ ಸಭೆಯಲ್ಲಿ ಎದ್ದು ನಿಂತವಳು ಅಕ್ಕ. "ಏಳನೇ ಕಾಲಮ್ಮಿನಲ್ಲಿ ಯಾರ ಹೆಸರಿದೆಯೋ ಅವರಿಗೆ. ಇಲ್ಲದಿದ್ರೆ ಮನೆಗಾಗಿ ಕಾಯ್ತಾ ಇರೋ ಮುಂದಿನವರಿಗೆ. ನಮ್ಮವರು ತಮ್ಮವರು ಅಂತ ನೋಡೋಕೆ ಕೂತ್ರೆ ಈ ಸಮಿತಿ ಯಾಕೆ, ಬಾಗಿಲು ಹಾಕೋಣ" ಎಂದಿದ್ದಳು. ನಗರಸಭೆಯವರು ಕೂಡ ಚಪ್ಪಾಳೆ ತಟ್ಟಿದರು.

ಮರುವರ್ಷ ಚಿಕ್ಕಮ್ಮನನ್ನು ನಿಜವಾಗಿಯೂ ನೋಡಿಕೊಂಡಿದ್ದ ಒಬ್ಬ ವೆಲ್ಡಿಂಗಿನವನು ಬಂದ. ಚಿಕ್ಕಮ್ಮ ತೀರಿಹೋಗಿದ್ದಳು, ಅವಳ ಅರ್ಜಿಯಲ್ಲಿ ಅವನ ಹೆಸರಿರಲಿಲ್ಲ. ಅವನಿಗೆ ಇಲ್ಲ ಎಂದು ಹೇಳಲು ಯಾರೂ ಮುಂದಾಗದಿದ್ದಾಗ ಅಕ್ಕನೇ ಹೇಳಿದಳು. ಹೇಳಿ ಮನೆಗೆ ಬಂದು ಊಟ ಮಾಡದೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. "ಒಬ್ಬರಿಗೆ ಬಗ್ಗಿದ್ರೆ ಇನ್ನೊಬ್ಬರಿಗೆ ಏನಂತ ಹೇಳೋದೇ?" ಎಂದು ತಂಗಿಯನ್ನೇ ಕೇಳಿದ್ದಳು.

*

"ಮುಂದಿನವರು ಯಾರು?" ಎಂದು ತಂಗಿ ಕೇಳಿದಳು.

ಮಾಸ್ತರರು ಗೇಟಿನ ಕಡೆ ನೋಡಿದರು. ಅಲ್ಲಿ ಬಸ್ಸು ತೊಳೆಯುವವನು ಜೇಬು ಒತ್ತಿ ಹಿಡಿದುಕೊಂಡೇ ನಿಂತಿದ್ದ.

"ಬೇಕಾದ್ರೆ ನಾನು ರಾಜೀನಾಮೆ ಕೊಡ್ತೀನಿ ತಾಯಿ. ಮನೆ ಕೊಡೋಕೆ ಮಾತ್ರ ನನ್ನ ಕೈಲಾಗಲ್ಲ" ಎಂದರು ಮಾಸ್ತರರು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದು? ತಂಗಿ ಮಾಸ್ತರರ ಮೇಲೆ ಮಾಡಿಕೊಳ್ಳಲು ನೋಡಿದಳು, ಆಗಲಿಲ್ಲ. ಆಗಷ್ಟೇ ಮಣ್ಣು ಮುಚ್ಚಿಸಿಕೊಂಡು ಮಲಗಿದವಳ ಮೇಲೆ ಒಂದು ಗಳಿಗೆ ಸಿಟ್ಟು ಉಕ್ಕಿ ಬಂತು. ಇನ್ನೂರು ಮನೆಯವರ ಹೆಸರು ಬರೆದವಳಿಗೆ ಪಕ್ಕದಲ್ಲಿ ಮಲಗುವವಳ ಹೆಸರು ನೆನಪಾಗಲಿಲ್ಲವೇ? ಆ ಸಿಟ್ಟೂ ನಿಲ್ಲಲಿಲ್ಲ. ಅವಳಿಗೆ ಅಕ್ಕ ಬೇಕಾಗಿತ್ತು, ಅಷ್ಟೇ.

ಮಧ್ಯಾಹ್ನ ಸಮಿತಿಯ ಕೋಣೆಯಲ್ಲಿ ಬಂದವರಿಗೆಲ್ಲ ಟೀ ಕೊಟ್ಟರು. ಎದುರುಮನೆ ಅಜ್ಜಿ, "ನಮಗೆ ಬಂದಿರೋ ಹೊಸ ಮನೆಗೆ ಬಂದುಬಿಡೇ" ಎಂದಳು. ಅಂದವಳೇ, ಮಗ ಸೊಸೆ ಮೊಮ್ಮಕ್ಕಳು ಸೇರಿ ತಮ್ಮ ಮನೆಯಲ್ಲಿ ಆರು ಜನವಾಗಿರುವುದು ನೆನಪಾಗಿ ಕೈಯಲ್ಲಿದ್ದ ಲೋಟ ತಿರುಗಿಸತೊಡಗಿದಳು. ಒಂದು ಮನೆಗೆ ಆರು ಜನ, ಅದಕ್ಕಿಂತ ಒಬ್ಬರೂ ಹೆಚ್ಚಿಲ್ಲ ಎನ್ನುವುದು ನಗರಸಭೆಯ ಷರತ್ತು. ತಂಗಿ ಅಜ್ಜಿಯ ಕೈ ತಟ್ಟಿ, ಖಾಲಿ ಲೋಟ ಈಸಿಕೊಂಡಳು.

ಒಬ್ಬೊಬ್ಬರೇ ಹೋದರು. ಬಸ್ಸು ತೊಳೆಯುವವನು ಮಾತ್ರ ಹೋಗಲಿಲ್ಲ. ಬಾಗಿಲವರೆಗೆ ಹೋಗುವುದು, ತಿರುಗಿ ಬರುವುದು, ಲೋಟ ಸರಿಸಿಡುವುದು.

"ಜೇಬಲ್ಲಿರೋದನ್ನ ತೆಗಿ" ಎಂದಳು ತಂಗಿ.

ಅವನ ಮುಖ ಕಪ್ಪಿಟ್ಟಿತು. "ಬೇಡ ಚಿಕ್ಕಕ್ಕ. ನಾನು ಹಂಗಲ್ಲ. ಅಕ್ಕನ್ನ ಕಳಿಸಿಕೊಡೋಕೆ ಬಂದೆ."

"ಗೊತ್ತೋ. ಯಾವಾಗ ಕೊಡಬೇಕಂತೆ?"

"ನಾಳೆ ಹನ್ನೆರಡರೊಳಗೆ. ಇಲ್ಲಾಂದ್ರೆ ನಂದೂ ಹೋಗುತ್ತೆ." ತಲೆ ತಗ್ಗಿಸಿದ. "ಬೆಳಿಗ್ಗೆ ಮಾಸ್ತರು ಕೊಟ್ಟಾಗ, ಅಕ್ಕನ ಹತ್ರ ತುಂಬಿಸ್ಕೊಂಡು ಬರ್ತೀನಿ ಅಂದ್ಬಿಟ್ಟೆ. ಬಾಯಿಗೆ ಹಂಗೇ ಬಂದುಬಿಡ್ತು."

ತಂಗಿ ತಾನು ಹೆಗಲಿಗೇರಿಸಿಕೊಂಡಿದ್ದ ಅಕ್ಕನ ಚೀಲ ತೆರೆದಳು. ಎರಡು ಪೆನ್ನು: ಪ್ರೆಸ್ಸಿಗೆ ಕೆಂಪು, ಅರ್ಜಿಗೆ ನೀಲಿ. ನೀಲಿಯದನ್ನು ತೆಗೆದುಕೊಂಡು ಅಕ್ಕನ ಕುರ್ಚಿಯಲ್ಲಿ ಕುಳಿತಳು. ಒದ್ದೆ ಜೇಬಿನಲ್ಲಿ ಮುದುರಿದ ಒಪ್ಪಿಗೆ ಪತ್ರವನ್ನು ಮೇಜಿನ ಮೇಲೆ ಹರವಿ ಒಂದೊಂದೇ ಕಾಲಂ ಓದುತ್ತ ಬರೆದಳು. ಒಂದು, ಎರಡು, ಮೂರು. ಅವಳದು ನಿಧಾನದ ಕೈ. ಅಕ್ಷರ ಮಾತ್ರ ಅಕ್ಕನದೇ ದುಂಡು ಅಕ್ಷರ. ಏಳನೆಯದಕ್ಕೆ ಬಂದಾಗ ಪೆನ್ನು ನಿಂತಿತು.

"ಮನೇಲಿ ಯಾರ್ಯಾರಿದೀರಿ ಹೇಳು."

"ಹೆಂಡ್ತಿ, ಇಬ್ಬರು ಹೆಣ್ಣುಮಕ್ಕಳು."

"ನಿಮ್ಮಮ್ಮ?"

"ಅಮ್ಮ ಇನ್ನೆಷ್ಟು ದಿನ ಚಿಕ್ಕಕ್ಕ, ಹಾಸಿಗೆ ಹಿಡಿದಿದ್ದಾಳೆ."

"ಒಂದೇ ದಿನ ಇರಲಿ. ಬರೀತೀನಿ. ನಡೆಯೋಕಾಗದ ಭಾವಮೈದುನ ಒಬ್ಬನಿದ್ದನಲ್ಲ?"

"ಇದಾನೆ."

ಕಾಲಂ ಚಿಕ್ಕದು. ಭಾವಮೈದುನನ ಹೆಸರಿಗೆ ಜಾಗ ಸಾಲದೆ ತಂಗಿ ಕಾಗದವನ್ನು ಅಡ್ಡ ತಿರುಗಿಸಿ ಅಂಚಿನ ಬಿಳಿ ಜಾಗದಲ್ಲಿ ಬರೆದಳು. ಬಸ್ಸು ತೊಳೆಯುವವನನ್ನೂ ಸೇರಿಸಿ ಎಣಿಸಿದರೆ ಆರು ಜನ.

"ಇನ್ಯಾರಾದ್ರೂ ಇದ್ದಾರಾ? ನೆನಪು ಮಾಡ್ಕೋ" ಎಂದಳು. ಪ್ರತಿ ಅರ್ಜಿಯಲ್ಲೂ ಸಹಿಗೆ ಮೊದಲು ಅಕ್ಕ ಎರಡು ಸಲ ಕೇಳುತ್ತಿದ್ದ ಮಾತು ಅದು.

ಬಸ್ಸು ತೊಳೆಯುವವನು ಅವಳನ್ನೇ ನೋಡಿದ. ಗೋಡೆಯ ಮೇಲೆ ನಾಲ್ಕು ಅಂಟಿನ ಕಲೆ ಉಳಿದ ಜಾಗ ನೋಡಿದ. ಆರು ಜನರ ಹೆಸರನ್ನು ಬೆರಳಲ್ಲಿ ಮತ್ತೊಮ್ಮೆ ಎಣಿಸಿದ.

"ಇಲ್ಲ ಚಿಕ್ಕಕ್ಕ" ಎಂದ. "ಯಾರೂ ಇಲ್ಲ."

ತಂಗಿ ಪೆನ್ನಿನ ಮುಚ್ಚಳ ಹಾಕಿದಳು. ಕಾಗದದ ಸುಕ್ಕು ಇನ್ನೂ ಹೋಗಿರಲಿಲ್ಲ. ಅದನ್ನು ಮೇಜಿನ ಅಂಚಿಗೆ ಎಳೆದುಕೊಂಡು, ಅಂಗೈ ಒತ್ತಿ, ನಡುವಿನಿಂದ ಹೊರಕ್ಕೆ, ನಡುವಿನಿಂದ ಹೊರಕ್ಕೆ, ಅಂಗಿಯ ತೋಳಿಗೆ ಹಾಕುವಂತೆ ಇಸ್ತ್ರಿ ಹಾಕತೊಡಗಿದಳು.