ಹತ್ತರಲ್ಲಿ ಆರು

ಪುತ್ತೂರಿನ ಗೇರುಬೀಜದ ಕಾರ್ಖಾನೆಯಲ್ಲಿ ಈಶ್ವರಿ ಇಪ್ಪತ್ತನಾಲ್ಕು ವರ್ಷ ದುಡಿದಿದ್ದಳು. ಅದರಲ್ಲಿ ಹದಿನಾರು ವರ್ಷ ಗ್ರೇಡಿಂಗ್ ವಿಭಾಗದ ಸೂಪರ್‌ವೈಸರ್. ಒಂದು ಹಿಡಿ ತಿರುಳನ್ನು ಅಂಗೈಗೆ ಹಾಕಿಕೊಂಡು ಗಾತ್ರ, ತೂಕ ಅಂದಾಜಿಸಿ ಯಾವ ದರ್ಜೆಯದೆಂದು ಹೇಳಿಬಿಡುವಳು. ಅನುಮಾನದಿಂದ ತೂಗಿ ನೋಡಿದವರೆಲ್ಲ ಸೋತು ಸುಮ್ಮನಾಗಿದ್ದರು. ಧಣಿ ಮಹಾಲಿಂಗ ಭಟ್ಟರು ತೀರಿಕೊಂಡ ಮೇಲೆ ಮಕ್ಕಳಿಗೆ ಬೀಜ ಬೇಡವಾಯಿತು, ಜಾಗ ಬೇಕಾಯಿತು. ಕಾರ್ಖಾನೆಗೆ ಬೀಗ ಬಿತ್ತು.

ಐವತ್ತೊಂದರ ಪ್ರಾಯದಲ್ಲಿ ಅವಳ ಎದುರಿಗೆ ಇದ್ದದ್ದು ಎರಡೇ ದಾರಿ. ಒಂದು, ಕಡಬದ ಹತ್ತಿರ ಹೊಸದಾಗಿ ತೆರೆಯುತ್ತಿದ್ದ ದೊಡ್ಡ ಕಾರ್ಖಾನೆ. ಇನ್ನೊಂದು, ಹರೆಯದಲ್ಲಿ ಬಿಟ್ಟುಬಂದಿದ್ದ ಬೀಡಿ ಕಟ್ಟುವ ಕೆಲಸ. ಬೀಡಿ ಕಟ್ಟುವುದರಲ್ಲಿ ಅವಮಾನವೇನೂ ಇಲ್ಲ, ಆದರೆ ಇಷ್ಟು ವರ್ಷ ನಡೆದು ಮತ್ತೆ ಹೊರಟಲ್ಲಿಗೇ ಬಂದು ಕೂರಲು ಅವಳಿಗೆ ಮನಸ್ಸಿರಲಿಲ್ಲ.

ಹಿಂದೆಲ್ಲ ಕೆಲಸ ಕೇಳುವುದೆಂದರೆ ಗೊತ್ತಿದ್ದವರೊಬ್ಬರು ಧಣಿಯ ಕಿವಿಗೆ ಹಾಕುವುದು, ಧಣಿ ಒಂದು ತಟ್ಟೆ ತಿರುಳನ್ನು ಮುಂದಿಟ್ಟು ಕೈ ನೋಡುವುದು, ಅಷ್ಟೇ. ಕಡಬದ ಕಾರ್ಖಾನೆಗೆ ಜನ ಆರಿಸುವ ಗುತ್ತಿಗೆ ಬೆಂಗಳೂರಿನ ಯಾವುದೋ ಕಂಪನಿಯದು. ತಂಗಿಯ ಮಗಳು ಸಮನ್ವಿತಾ ಮೊಬೈಲಿನಲ್ಲಿ ಅರ್ಜಿ ತುಂಬಿಸಿಕೊಟ್ಟಳು. ಮೂರನೆಯ ದಿನ ಆ ಕಂಪನಿಯಿಂದ ಪ್ರೀತಿಕಾ ಎಂಬ ಹುಡುಗಿ ಫೋನ್ ಮಾಡಿದಳು. ಮಾತೇನೋ ನಯ, ಆದರೆ ಉಸಿರು ಬಿಡಲೂ ಪುರುಸೊತ್ತಿಲ್ಲದವರ ನಯ. ಗ್ರೇಡಿಂಗ್ ಕೆಲಸದಲ್ಲಿ ನಿಮಗೆ ನೀವೇ ಹತ್ತರಲ್ಲಿ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿದಳು.

ಈಶ್ವರಿಗೆ ನಾಚಿಕೆಯಾಯಿತು. ತನ್ನ ಬಾಯಿಂದಲೇ ತನ್ನನ್ನು ಹೊಗಳಿಕೊಳ್ಳುವವರನ್ನು ಕಂಡರೆ ಈ ಸೀಮೆಯ ಜನ ಎದುರಿಗೆ ತಲೆಯಾಡಿಸಿ ಹಿಂದಿನಿಂದ ನಗುತ್ತಾರೆ. ಸಾವಿರ ಎಲೆಯ ಊಟಕ್ಕೆ ಅಡುಗೆ ಮಾಡುವವರನ್ನು ಕೇಳಿದರೂ ಸ್ವಲ್ಪ ಗೊತ್ತುಂಟು ಎನ್ನುತ್ತಾರೆ. ಕೇಳಿದವರು ಮರುಮಾತಿಲ್ಲದೆ ಅವರನ್ನೇ ಗೊತ್ತುಮಾಡುತ್ತಾರೆ.

“ಒಂದು ಆರು ಹಾಕಿ,” ಎಂದಳು ಈಶ್ವರಿ.

ನಲವತ್ತು ಹೆಂಗಸರನ್ನು ಹೇಗೆ ಮುನ್ನಡೆಸಿದಿರಿ ಎಂಬ ಪ್ರಶ್ನೆಗೆ, ತಾನು ಮಾಡಿದ್ದು ಏನೂ ಇಲ್ಲ, ಎಲ್ಲ ಅವರೇ ಮಾಡುತ್ತಿದ್ದರು ಎಂದಳು. ಆ ನಲವತ್ತು ಹೆಂಗಸರ ಜಗಳ, ಬಾಣಂತನ, ಬಸ್ಸು ತಪ್ಪಿದ ಬೆಳಗುಗಳನ್ನೆಲ್ಲ ಸುಧಾರಿಸಿದವಳು ಅವಳೇ. ನಿಮ್ಮ ದೌರ್ಬಲ್ಯಗಳೇನು ಎಂದಾಗ ಮಾತ್ರ ಧಾರಾಳಿಯಾದಳು: ಕಂಪ್ಯೂಟರ್ ಬರುವುದಿಲ್ಲ, ಇಂಗ್ಲಿಷ್ ಇಲ್ಲ, ಮೊಣಕಾಲು ನೋವು, ಸಿಟ್ಟು ಬೇಗ. ಪ್ರೀತಿಕಾ ಒಂದನ್ನೂ ಬಿಡದೆ ಬರೆದುಕೊಂಡಳು. ಬರೆದುಕೊಳ್ಳುವುದೇ ಅವಳ ಕೆಲಸ, ಪಾಪ.

ಆಮೇಲೆ ವಿಡಿಯೋ ಸಂದರ್ಶನ. ಮೊಬೈಲಿನಲ್ಲಿ ಪ್ರಶ್ನೆ ಮೂಡುತ್ತದೆ, ಮೂವತ್ತು ಸೆಕೆಂಡಿನಲ್ಲಿ ಉತ್ತರ ಹೇಳಬೇಕು, ಆ ಕಡೆ ಮನುಷ್ಯರು ಯಾರೂ ಇರುವುದಿಲ್ಲ. ಈ ಕೊನೆಯ ಸಂಗತಿ ಈಶ್ವರಿಯ ತಲೆಗೆ ಹೋಗಲಿಲ್ಲ. ಸೆರಗು ಸರಿಮಾಡಿಕೊಂಡು, ಕೈಮುಗಿದು ನಮಸ್ಕಾರ ಎಂದಳು. ಆ ಕಡೆಯಿಂದಲೂ ನಮಸ್ಕಾರ ಬರಲೆಂದು ಕಾದಳು. ಮೊದಲ ಮೂವತ್ತು ಸೆಕೆಂಡು ಮರ್ಯಾದೆಯಲ್ಲೇ ಮುಗಿಯಿತು.

ವಾರ ಕಳೆದು ಮೆಸೇಜ್ ಬಂತು. ಸಮನ್ವಿತಾ ಎರಡು ಸಲ ಓದಿಕೊಂಡು ಆಮೇಲೆ ಹೇಳಿದಳು. ಸೂಪರ್‌ವೈಸರ್ ಹುದ್ದೆಗೆ ಅರ್ಹತೆ ಸಾಲದು. ಬೇಕಿದ್ದರೆ ಗ್ರೇಡಿಂಗ್ ಸಹಾಯಕಿಯಾಗಿ ಸೇರಬಹುದು. ತಿರುಳಿನ ದರ್ಜೆ ಗುರುತಿಸಲು ಮೂರು ತಿಂಗಳ ತರಬೇತಿ ಕೊಡಲಾಗುವುದು. ಈಶ್ವರಿಗೆ ಮೊದಲು ನಗು ಬಂತು. ಆಮೇಲೆ ಊಟಕ್ಕೆ ಕುಳಿತವಳು ಅರ್ಧಕ್ಕೇ ಎದ್ದು ಕೈತೊಳೆದಳು.

ಮರುದಿನ ಜಸೀನಾ ಫೋನ್ ಮಾಡಿದಳು. ಕಬಕದವಳು, ಚುರುಕು ಹುಡುಗಿ, ಐದು ವರ್ಷದ ಹಿಂದೆ ಈಶ್ವರಿಯ ಕೈಕೆಳಗೇ ಕೆಲಸ ಕಲಿತವಳು. ಸೂಪರ್‌ವೈಸರ್ ಕೆಲಸಕ್ಕೆ ಅವಳನ್ನು ಆರಿಸಿದ್ದರು. ಅದನ್ನು ಹೇಳುವ ಮೊದಲು ಅವಳು ಈಶ್ವರಿಯ ಮೊಣಕಾಲು ನೋವನ್ನು ಎರಡು ಸಲ ವಿಚಾರಿಸಿದಳು. ಹತ್ತರಲ್ಲಿ ಎಷ್ಟು ಹೇಳಿದೆ ಎಂದು ಈಶ್ವರಿ ಕೇಳಿದಳು.

“ಒಂಬತ್ತು. ಎಲ್ಲರೂ ಹಾಗೆಯೇ ಹೇಳುದು ಈಶ್ವರಿಯಕ್ಕ. ಮೊದಲಿನ ಸೂಪರ್‌ವೈಸರ್ ನಂಬರ್ ಕೇಳಿದ್ರು, ನಿಮ್ಮದು ಕೊಟ್ಟಿದ್ದೇನೆ. ನಿಮ್ಮ ಹತ್ತಿರ ವಿಚಾರಿಸಿದ ಮೇಲೆಯೇ ಆರ್ಡರ್ ಕೊಡುದಂತೆ.”

ಜಸೀನಾಳ ಕೆಲಸ ಈಗ ಈಶ್ವರಿಯ ನಾಲಗೆಯ ಮೇಲಿತ್ತು. ಒಂದು ಕೆಟ್ಟ ಯೋಚನೆ ಅವಳಿಗೆ ಬಂತು. ಬರಲಿಲ್ಲ ಎಂದರೆ ಸುಳ್ಳಾದೀತು.

ಮಧ್ಯಾಹ್ನ ಫೋನ್ ಬಂತು. ಅದೇ ಪ್ರೀತಿಕಾ, ಅದೇ ನಯ. ಈ ನಂಬರಿಗೆ ಹಿಂದೊಮ್ಮೆ ಮಾತಾಡಿದ್ದು ಅವಳಿಗೆ ನೆನಪಿರಲಿಲ್ಲ. ದಿನಕ್ಕೆ ಎಂಬತ್ತು ಜನರನ್ನು ಕೇಳುವವಳಿಗೆ ಎಲ್ಲಿಯ ನೆನಪು. ಜಸೀನಾಳಿಗೆ ಹತ್ತರಲ್ಲಿ ಎಷ್ಟು ಕೊಡುತ್ತೀರಿ ಎಂದಳು.

ತನಗೆ ಆರಾದರೆ ಜಸೀನಾಳಿಗೆ ಮೂರು, ಹೆಚ್ಚೆಂದರೆ ಮೂರೂವರೆ. ಹಾಗೆ ಹೇಳಿದರೆ ಅದು ಮೋಸವೂ ಅಲ್ಲ. ಆದರೆ ಇವರ ಅಳತೆಯೇ ಬೇರೆ ಎಂದು ಅವಳಿಗೆ ಅರ್ಥವಾಗಿತ್ತು. ಮತ್ತೆ, ಇನ್ನೊಬ್ಬರನ್ನು ಹೊಗಳಲು ಈ ಸೀಮೆಯಲ್ಲಿ ಯಾರಿಗೂ ನಾಚಿಕೆಯಿಲ್ಲ.

“ಒಂಬತ್ತೇ ಹಾಕಿ. ಕೈ ಸ್ವಲ್ಪ ಪಳಗಬೇಕು, ಪಳಗ್ತದೆ.”

ನಿಮ್ಮ ಅನುಭವ ಎಷ್ಟು ವರ್ಷದ್ದು ಎಂದು ಪ್ರೀತಿಕಾ ಕೇಳಿದಳು. ಈಶ್ವರಿ ಹೇಳಿದಳು.

“ಇಪ್ಪತ್ತನಾಲ್ಕು ವರ್ಷನಾ ಮೇಡಂ? ಹಾಗಾದ್ರೆ ಬೇರೆ ಯಾರನ್ನೂ ಕೇಳೋದು ಬೇಡ. ನಿಮ್ಮ ಮಾತೇ ಸಾಕು.”

ಅದಕ್ಕೆ ಈಶ್ವರಿ, ಸಹಾಯಕಿಯರ ಪಟ್ಟಿಯಲ್ಲಿ ಈಶ್ವರಿ ಎಂದೊಂದು ಹೆಸರು ಇರಬಹುದು, ಅದನ್ನು ತೆಗೆಯಬೇಕು, ಅದು ತನ್ನದೇ, ದರ್ಜೆ ಗುರುತಿಸುವ ತರಬೇತಿಗೆ ತಾನು ಬರುವುದಿಲ್ಲ ಎಂದಳು. ಆ ಕಡೆ ಹುಡುಕುವ ಸದ್ದು ಕೇಳಿಸಿತು, ನಿಂತಿತು.

“ಮೇಡಂ, ಅವತ್ತು ಆರು ಅಂತ ನೀವೇ ಅಲ್ವಾ ಹೇಳಿದ್ದು?”

“ಹೌದು ಮಗಾ. ನನ್ನ ಬಾಯಿಂದಲೇ ನಾನು ಇನ್ನೆಷ್ಟು ಹೇಳುದು?”

ಇದನ್ನು ಬರೆದುಕೊಳ್ಳಲು ಪ್ರೀತಿಕಾಳ ಫಾರಮಿನಲ್ಲಿ ಜಾಗವಿರಲಿಲ್ಲ. ಸೋಮವಾರ ಬೆಳಿಗ್ಗೆ ಜಸೀನಾ ಕಡಬದ ಬಸ್ಸು ಹತ್ತಿದಳು. ಅದೇ ಹೊತ್ತಿಗೆ ಈಶ್ವರಿ ಕಟ್ಟುವವರಿಗೆ ಎಲೆ, ಹೊಗೆಸೊಪ್ಪು ಕೊಡುವ ಬೀಡಿ ಬ್ರಾಂಚಿನ ಜಗಲಿಯಲ್ಲಿ ನಿಂತು ಹೆಸರು ಬರೆಸುತ್ತಿದ್ದಳು.